ಕಿವಿಗೆ ಕಾಣುವ ಮೈಕಟ್ಟು: ದೇಹದಾರ್ಢ್ಯ ಸ್ಪರ್ಧೆಗಳ ಬಗ್ಗೆ ಕನ್ನಡದಲ್ಲಿ ಪಾಡ್‌ಕಾಸ್ಟ್ ನಡೆಸುವ ಬಗೆ

ವೇದಿಕೆಯ ಮೇಲೆ ಒಬ್ಬ ಪಟು ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಒಂದು ಕಾಲನ್ನು ಹಿಂದಕ್ಕೆ ತಂದು ಬೆರಳ ತುದಿಯಲ್ಲಿ ಊರುತ್ತಾನೆ. ಮೀನಖಂಡ ಗಂಟು ಕಟ್ಟುತ್ತದೆ. ಮೊಣಕೈ ಮಡಚಿ ಎರಡೂ ತೋಳುಗಳನ್ನು ಭುಜದ ಎತ್ತರಕ್ಕೆ ತರುತ್ತಾನೆ. ಮೊದಲು ತೋಳು ಉಬ್ಬುತ್ತದೆ, ಆಮೇಲೆ ಹೆಗಲಿನಿಂದ ಸೊಂಟದವರೆಗೆ ಬೆನ್ನು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಕೆಳಬೆನ್ನಿನ ನಟ್ಟನಡುವೆ ಜರಿಗಿಡದ ಎಲೆಯಂಥ ಗೆರೆಗಳು ಮೂಡುತ್ತವೆ. ಇದು ಬ್ಯಾಕ್ ಡಬಲ್ ಬೈಸೆಪ್ಸ್ ಭಂಗಿ.

ಫೋಟೊ ತೋರಿಸದೆ, ಮಂಗಳೂರಿನಿಂದ ಕಾಸರಗೋಡಿಗೆ ಬಸ್ಸಿನಲ್ಲಿ ನಿಂತು ಬರುತ್ತಿರುವವನ ಕಿವಿಗೆ ಇಷ್ಟನ್ನು ಮುಟ್ಟಿಸಬಲ್ಲಿರಾದರೆ ಈ ಪಾಡ್‌ಕಾಸ್ಟ್ ನಿಮ್ಮಿಂದ ಆಗುತ್ತದೆ. ಮೈಕು, ಸಾಫ್ಟ್‌ವೇರ್, ಪ್ರಚಾರಗಳನ್ನು ವಾರದೊಳಗೆ ಕಲಿಯಬಹುದು. ಕಣ್ಣಿನ ಕ್ರೀಡೆಯನ್ನು ಕಿವಿಗೆ ದಾಟಿಸುವುದನ್ನು ಮಾತ್ರ ಪ್ರತಿ ಕಂತಿನಲ್ಲೂ ಹೊಸದಾಗಿ ಕಲಿಯಬೇಕು. ಕುಂಬಳೆಯ ಹತ್ತಿರದ ನಮ್ಮ ಮನೆಯಿಂದ ಹದಿನೈದು ದಿನಕ್ಕೊಂದು ಕಂತಿನಂತೆ ನಾಲ್ಕು ವರ್ಷ ಈ ಕೆಲಸ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲ ಹೆಜ್ಜೆ: ಬೇಲಿ ಹಾಕಿಕೊಳ್ಳಿ

'ಫಿಟ್‌ನೆಸ್' ಎಂಬ ಹೆಸರಿನಲ್ಲಿ ಶುರು ಮಾಡಬೇಡಿ. ತೂಕ ಇಳಿಸುವುದು, ಯೋಗ, ಮನೆಮದ್ದು ಎಲ್ಲವೂ ಅದರೊಳಗೆ ನುಗ್ಗಿ, ಮೂರನೆಯ ತಿಂಗಳಿಗೆ ನಿಮ್ಮ ಕಾರ್ಯಕ್ರಮ ಯಾರದ್ದೂ ಅಲ್ಲದಂತಾಗುತ್ತದೆ. ನಾನು ಹಾಕಿಕೊಂಡ ಬೇಲಿ ಇಷ್ಟೇ: ವೇದಿಕೆ ಹತ್ತಿದವರು, ಹತ್ತಲು ತಯಾರಾಗುತ್ತಿರುವವರು, ಅವರನ್ನು ತಯಾರು ಮಾಡುವವರು, ಅವರಿಗೆ ಅಂಕ ಕೊಡುವವರು. ಪಟುವಿನ ತಾಯಿ ಈ ಬೇಲಿಯೊಳಗೆ ಬರುತ್ತಾರೆ. ಹದಿನೈದು ದಿನದಲ್ಲಿ ಹೊಟ್ಟೆ ಕರಗಿಸುವ ಉಪಾಯ ಹೇಳುವವರು ಬರುವುದಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಮಂಜೇಶ್ವರ, ಬದಿಯಡ್ಕ, ಪೆರ್ಲದ ಹುಡುಗ ಜಿಲ್ಲಾ ಮಟ್ಟದಲ್ಲಿ ಗೆದ್ದರೆ ಮುಂದೆ ಹೋಗುವುದು ಕೇರಳ ರಾಜ್ಯದ ಸ್ಪರ್ಧೆಗೆ. ಸುದ್ದಿ ಮಲಯಾಳದಲ್ಲಿ ಬರುತ್ತದೆ. ಕನ್ನಡದಲ್ಲಿ ಬಂದರೂ ಒಂದು ಫೋಟೊ, ಎರಡು ಸಾಲು. ಆ ಎರಡು ಸಾಲಿನ ಹಿಂದಿನ ಹತ್ತು ತಿಂಗಳನ್ನು ಅವನ ಮನೆಮಾತಿನಲ್ಲಿ ಕೇಳುವವರು ಯಾರೂ ಇರಲಿಲ್ಲ. ನೀವು ಇರುವ ಊರಿನಲ್ಲಿ ಹೀಗೆ ಯಾರೂ ಕೇಳದೆ ಉಳಿದದ್ದು ಯಾವುದು ಎಂದು ನೋಡಿ, ಬೇಲಿಯನ್ನು ಅದರ ಸುತ್ತ ಹಾಕಿ.

ಭಾಷೆಯ ನಿಯಮವನ್ನೂ ಈಗಲೇ ಮಾಡಿಕೊಳ್ಳಿ. ನಮ್ಮ ಜಿಮ್ಮುಗಳಲ್ಲಿ ಒಂದೇ ಸೆಟ್ಟಿನ ನಡುವೆ ತುಳು, ಮಲಯಾಳ, ಬ್ಯಾರಿ, ಕನ್ನಡ ಎಲ್ಲವೂ ಕೇಳಿಸುತ್ತವೆ. ಅತಿಥಿ ಯಾವ ಭಾಷೆಯಲ್ಲಿ ಸಲೀಸಾಗಿ ನಗುತ್ತಾನೋ ಆ ಭಾಷೆಯಲ್ಲೇ ಮಾತಾಡಲಿ. ನಾನು ಅದರ ಸಾರವನ್ನು ಕನ್ನಡದಲ್ಲಿ ನಡುನಡುವೆ ಹೇಳುತ್ತೇನೆ, ಮೇಲೆ ದನಿ ಹೇರಿ ಅವನ ಮಾತನ್ನು ಮುಚ್ಚುವುದಿಲ್ಲ.

ಎರಡನೆಯದು: ಅರ್ಥ ಹೇಳಲು ಕಲಿಯಿರಿ

ನಮ್ಮ ಕಡೆಯವರಿಗೆ ಇದು ಹೊಸ ವಿದ್ಯೆಯಲ್ಲ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿ ಕುಳಿತಲ್ಲಿಂದಲೇ ಮಾತಾಡುತ್ತಾನೆ, ಸಭೆಗೆ ಕರ್ಣನ ರಥದ ಗಾಲಿ ಹೂತುಹೋದದ್ದು ಕಾಣುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯನ್ನು ಕೊಟ್ಟ ನೆಲದಲ್ಲಿ ಬೆಳೆದವರು ಮೈಕಿನ ಮುಂದೆ ಮೈಕಟ್ಟನ್ನು ವರ್ಣಿಸಲು ಹಿಂಜರಿಯಬೇಕಾಗಿಲ್ಲ. ನಾಲ್ಕು ತಾಳಮದ್ದಳೆಗಳನ್ನು ಕಣ್ಣು ಮುಚ್ಚಿಕೊಂಡು ಕೇಳಿ. ಅರ್ಥಧಾರಿ ಎಲ್ಲವನ್ನೂ ವರ್ಣಿಸಲು ಹೋಗುವುದಿಲ್ಲ. ಒಂದು ಅಂಗವನ್ನು, ಒಂದು ಚಲನೆಯನ್ನು ಹಿಡಿಯುತ್ತಾನೆ. ಉಳಿದದ್ದನ್ನು ಕೇಳುಗನೇ ತುಂಬಿಕೊಳ್ಳುತ್ತಾನೆ.

ಅಭ್ಯಾಸ ಹೀಗಿರಲಿ. ಕಡ್ಡಾಯ ಭಂಗಿಗಳು ಏಳು: ಫ್ರಂಟ್ ಡಬಲ್ ಬೈಸೆಪ್ಸ್, ಫ್ರಂಟ್ ಲ್ಯಾಟ್ ಸ್ಪ್ರೆಡ್ (ಲ್ಯಾಟ್ ಎಂದರೆ ಕಂಕುಳಿಂದ ಸೊಂಟದತ್ತ ಇಳಿಯುವ ಬೆನ್ನಿನ ಅಗಲ ಸ್ನಾಯು), ಸೈಡ್ ಚೆಸ್ಟ್, ಬ್ಯಾಕ್ ಡಬಲ್ ಬೈಸೆಪ್ಸ್, ಬ್ಯಾಕ್ ಲ್ಯಾಟ್ ಸ್ಪ್ರೆಡ್, ಸೈಡ್ ಟ್ರೈಸೆಪ್ಸ್, ಕೊನೆಗೆ ಹೊಟ್ಟೆ ಮತ್ತು ತೊಡೆ. ಒಂದೊಂದು ಭಂಗಿಯನ್ನೂ ಮೂವತ್ತು ಸೆಕೆಂಡಿನಲ್ಲಿ ಹೇಳಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಮೊದಲು ಕಾಲು ಎಲ್ಲಿದೆ ಎನ್ನಿ, ಆಮೇಲೆ ಕೈ ಎತ್ತ ಹೋಯಿತು ಎನ್ನಿ, ಕೊನೆಗೆ ಒಂದೇ ಒಂದು ಸ್ನಾಯುವಿನ ಮೇಲೆ ನಿಲ್ಲಿ. 'ಅದ್ಭುತ', 'ಅಮೋಘ' ಎಂಬ ಪದಗಳನ್ನು ಬಿಟ್ಟುಬಿಡಿ, ಅವು ಏನನ್ನೂ ತೋರಿಸುವುದಿಲ್ಲ. ಹರಡಿದ ಲ್ಯಾಟ್ಸ್ ಹೆಡೆ ಬಿಚ್ಚಿದ ಹಾಗೆ ಎಂದರೆ ಕಾಣುತ್ತದೆ. ಕೊಬ್ಬು ಪೂರ್ತಿ ಕರಗಿದ ತೊಡೆಯ ಎಳೆಗಳಿಗೆ ನಾನು ಹೊಸೆದ ತೆಂಗಿನ ಹುರಿಯ ಹೋಲಿಕೆ ಕೊಟ್ಟಿದ್ದೆ. ಆ ಕಂತು ಕೇಳಿದ ಹಿರಿಯ ನೆರೆಯವರೊಬ್ಬರು ಅಂಗಳದಲ್ಲಿ ನಿಲ್ಲಿಸಿ, "ಹುರಿ ಎಂದ ಮೇಲೆ ನನಗೆ ಗೊತ್ತಾಯಿತು ಮಾರಾಯ" ಎಂದರು. ಅವರು ಜೀವಮಾನದಲ್ಲಿ ಒಂದು ಸ್ಪರ್ಧೆಯನ್ನೂ ನೋಡಿದವರಲ್ಲ.

ತೀರ್ಪಿನ ಬಗ್ಗೆಯೂ ಇದೇ ಎಚ್ಚರ ಬೇಕು. ಇಲ್ಲಿ ಎತ್ತಿದ ಭಾರಕ್ಕೆ ಅಂಕವಿಲ್ಲ ಎಂಬುದನ್ನು ಹೊಸ ಕೇಳುಗನಿಗೆ ಪ್ರತಿ ಸಲ ಒಂದು ವಾಕ್ಯದಲ್ಲಿ ಹೇಳಿ. ನೋಡುವುದು ಸ್ನಾಯುವಿನ ಗಾತ್ರ, ಎಡಬಲ ಮತ್ತು ಮೇಲುಕೆಳಗಿನ ಹೊಂದಿಕೆ, ಕೊಬ್ಬು ಎಷ್ಟರ ಮಟ್ಟಿಗೆ ಕರಗಿದೆ ಎಂಬುದು. ತೀರ್ಪುಗಾರರು ಸ್ಥಾನ ಬರೆಯುತ್ತಾರೆ, ಮೊದಲ ಸ್ಥಾನಕ್ಕೆ ಒಂದು ಅಂಕ. ಆದ್ದರಿಂದ ಅತಿ ಕಡಿಮೆ ಅಂಕ ಪಡೆದವನೇ ಗೆಲ್ಲುತ್ತಾನೆ. ಇದನ್ನು ಹೇಳದೆ ಫಲಿತಾಂಶ ಓದಿದರೆ ಕೇಳುಗ ಸೋತವನನ್ನು ಗೆದ್ದವನೆಂದು ತಿಳಿಯುತ್ತಾನೆ. ವಿಭಾಗಗಳೂ ಹಾಗೆಯೇ. ಮೆನ್ಸ್ ಫಿಸಿಕ್ ವಿಭಾಗದಲ್ಲಿ ಮೊಣಕಾಲಿನವರೆಗಿನ ಚಡ್ಡಿ ಇರುತ್ತದೆ, ತೊಡೆ ಕಾಣುವುದಿಲ್ಲ. ಕ್ಲಾಸಿಕ್ ಫಿಸಿಕ್‌ನಲ್ಲಿ ಎತ್ತರಕ್ಕೆ ತಕ್ಕ ತೂಕದ ಮಿತಿ ಇರುತ್ತದೆ. ಈ ಕ್ರೀಡೆಯ ಅತಿ ದೊಡ್ಡ ಸ್ಪರ್ಧೆಯಾದ ಮಿಸ್ಟರ್ ಒಲಿಂಪಿಯಾ 1965ರಿಂದ ನಡೆಯುತ್ತಿದ್ದರೂ ಮೆನ್ಸ್ ಫಿಸಿಕ್ ಅಲ್ಲಿಗೆ ಸೇರಿದ್ದು 2013ರಲ್ಲಿ, ಕ್ಲಾಸಿಕ್ 2016ರಲ್ಲಿ. ಹಳೆಯ ಪಟುಗಳು "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎನ್ನುವುದು ಬರೀ ಗೊಣಗಾಟವಲ್ಲ.

ಮೂರನೆಯದು: ಕೋಣೆ, ಮೈಕು, ಮಳೆ

ದುಬಾರಿ ಕಂಡೆನ್ಸರ್ ಮೈಕು ಬೇಡ. ಅದು ಪಕ್ಕದ ಮನೆಯ ಕುಕ್ಕರಿನ ಸೀಟಿಯನ್ನೂ ಹಿಡಿಯುತ್ತದೆ. ಯುಎಸ್‌ಬಿ ಇರುವ ಡೈನಮಿಕ್ ಮೈಕು ಒಂದು, ಮುಚ್ಚಿದ ಹೆಡ್‌ಫೋನ್ ಒಂದು, ದನಿ ಮುದ್ರಿಸಿ ಕತ್ತರಿಸಲು ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಸಾಫ್ಟ್‌ವೇರ್ ಇದ್ದರೆ ಸಾಕು. ಬಾಯಿಗೂ ಮೈಕಿಗೂ ನಡುವೆ ಒಂದು ಮುಷ್ಟಿಯಷ್ಟು ಅಂತರವಿರಲಿ, ಮೈಕು ತುಸು ಓರೆಯಾಗಿರಲಿ. ನಮ್ಮ ವಿಷಯದ ಪದಗಳು, ಅಂದರೆ ಭುಜ, ಬೈಸೆಪ್ಸ್, ಭಂಗಿ, ಪೋಸಿಂಗ್, ಪಂಪ್, ಫಲಿತಾಂಶ, ಎಲ್ಲವೂ ತುಟಿ ಸೇರಿಸಿ ಗಾಳಿ ಬಿಡುವ ಅಕ್ಷರಗಳಿಂದಲೇ ಶುರುವಾಗುತ್ತವೆ. ಮೈಕು ನೇರ ಎದುರಿಗಿದ್ದರೆ ಪ್ರತಿ ಪದಕ್ಕೂ ಒಂದು ಗುದ್ದು ಕೇಳಿಸುತ್ತದೆ.

ಧ್ವನಿಮುದ್ರಣ ವೇವ್ (WAV) ಫೈಲಿನ ರೂಪದಲ್ಲಿರಲಿ, 48 ಕಿಲೋಹರ್ಟ್ಸ್, 24 ಬಿಟ್. ದನಿಯ ಏರು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಆಡಲಿ. ಪಟುಗಳು ಮೆತ್ತಗೆ ಮಾತು ಶುರು ಮಾಡಿ ಸ್ಪರ್ಧೆಯ ದಿನಕ್ಕೆ ಬಂದಾಗ ದನಿ ಏರಿಸುತ್ತಾರೆ, ಅದಕ್ಕೆ ಜಾಗ ಬಿಟ್ಟಿರಬೇಕು.

ಕೋಣೆಗೆ ಫೋಮು ಅಂಟಿಸುವ ಮೊದಲು ಮನೆಯಲ್ಲೇ ಹುಡುಕಿ. ನಮ್ಮಲ್ಲಿ ಒಣ ಅಡಿಕೆಯ ಗೋಣಿಗಳನ್ನು ಪೇರಿಸಿಡುವ ಕೋಣೆ ಇದೆ. ನಾಲ್ಕು ಗೋಡೆಗೂ ಗೋಣಿ, ನೆಲಕ್ಕೆ ಚಾಪೆ, ಬಾಗಿಲಿಗೆ ಕಂಬಳಿ. ಅಲ್ಲಿ ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿ ಇಲ್ಲ. ಅಡಿಕೆ ಮಾರಿದ ತಿಂಗಳಲ್ಲಿ ದನಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ, ಆಗ ಹಾಸಿಗೆಗಳನ್ನು ನಿಲ್ಲಿಸುತ್ತೇನೆ. ಫ್ಯಾನು ಆರಿಸಲೇಬೇಕು. ಹೆಂಚಿನ ಮಾಡಿನ ಮೇಲೆ ಜೂನಿನ ಮಳೆ ಸುರಿಯುವಾಗ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಅದಕ್ಕೇ ಮೇ ತಿಂಗಳಿನಲ್ಲಿ ನಾಲ್ಕು ಕಂತು ಮುದ್ರಿಸಿ ಇಟ್ಟುಕೊಳ್ಳುತ್ತೇನೆ.

ಆ ನಾಲ್ಕು ಕಂತು ಇತಿಹಾಸದ್ದಾಗಿರಲಿ, ಅವು ಹಳಸುವುದಿಲ್ಲ. 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಯೂಜಿನ್ ಸ್ಯಾಂಡೋ ನಡೆಸಿದ ಸ್ಪರ್ಧೆಯಿಂದ ಶುರು ಮಾಡಬಹುದು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ ಒಂದು ಪೀಳಿಗೆಗೆ ಮೈ ಬೆಳೆಸುವುದನ್ನು ಕಲಿಸಿದ ಕೆ.ವಿ. ಅಯ್ಯರ್ ಅವರಿಗೆ ಒಂದು ಕಂತು ಕೊಡಲೇಬೇಕು. ನಾಲ್ಕು ಅಡಿ ಹನ್ನೊಂದು ಅಂಗುಲ ಎತ್ತರದ ಮನೋಹರ್ ಐಚ್ 1952ರಲ್ಲಿ ಮಿಸ್ಟರ್ ಯೂನಿವರ್ಸ್ ಆದರು. ಬ್ರಿಟಿಷರ ಜೈಲಿನಲ್ಲಿದ್ದಾಗ ಅವರು ಕಸರತ್ತು ಬಿಟ್ಟಿರಲಿಲ್ಲ ಎಂದು ಹೇಳಿದ ಕಂತಿಗೆ ನನಗೆ ಬಂದಷ್ಟು ಸಂದೇಶ ಬೇರೆ ಯಾವುದಕ್ಕೂ ಬಂದಿಲ್ಲ. 1988ರಲ್ಲಿ ವಿಶ್ವ ಪ್ರಶಸ್ತಿ ಗೆದ್ದು 1990ರಲ್ಲಿ ಪದ್ಮಶ್ರೀ ಪಡೆದ ಪ್ರೇಮ್‌ಚಂದ್ ದೇಗ್ರಾ ಇನ್ನೊಬ್ಬರು.

ನಾಲ್ಕನೆಯದು: ಅತಿಥಿಯನ್ನು ಕೂರಿಸುವುದು

ಸ್ಪರ್ಧೆಯ ಕೊನೆಯ ವಾರದಲ್ಲಿ ಸಂದರ್ಶನಕ್ಕೆ ಕರೆಯಬೇಡಿ. ಪಟು ಆಗ ಅನ್ನವನ್ನು ಅಳೆದು ತಿನ್ನುತ್ತಿರುತ್ತಾನೆ, ನಿದ್ದೆ ಸರಿ ಇರುವುದಿಲ್ಲ, ಒಂದು ಪ್ರಶ್ನೆಗೆ ಒಂದು ಪದದ ಉತ್ತರ ಬರುತ್ತದೆ. ಆ ವಾರ ದಿನಕ್ಕೊಂದು ನಿಮಿಷ ಮೊಬೈಲಿನಲ್ಲಿ ತನ್ನಷ್ಟಕ್ಕೆ ಮಾತಾಡಿ ಕಳಿಸಲು ಹೇಳಿ. ಆ ಒಣಗಿದ ದನಿಯೇ ಮುಂದೆ ಕಂತಿನ ಬೆನ್ನೆಲುಬಾಗುತ್ತದೆ. ಉದ್ದದ ಮಾತುಕತೆ ಸ್ಪರ್ಧೆ ಮುಗಿದು ಎರಡು ವಾರದ ಮೇಲೆ ಇರಲಿ. ಊಟದ ಹೊತ್ತು ಕೇಳಿಕೊಂಡು, ಎರಡು ಊಟದ ನಡುವೆ ನಲವತ್ತು ನಿಮಿಷ ಮಾತ್ರ ತೆಗೆದುಕೊಳ್ಳಿ.

"ನಿಮ್ಮ ಡಯಟ್ ಏನು?" ಎಂದರೆ ಪಟ್ಟಿ ಒಪ್ಪಿಸುತ್ತಾರೆ. "ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನು ತಿಂದಿರಿ, ಎಲ್ಲಿ ಕುಳಿತು ತಿಂದಿರಿ?" ಎಂದರೆ ಬದುಕು ಹೊರಗೆ ಬರುತ್ತದೆ. ಉಪ್ಪಳ ಕಡೆಯ ಹುಡುಗನೊಬ್ಬನಿಗೆ ಈ ಪ್ರಶ್ನೆ ಕೇಳಿದಾಗ ತನ್ನ ತಂಗಿಯ ಮದುವೆಯ ದಿನವನ್ನು ಹೇಳಿದ. ಚಪ್ಪರದಲ್ಲಿ ಕೋಳಿ ಸಾರು, ರೊಟ್ಟಿ ಬಡಿಸುತ್ತಿದ್ದಾರೆ. ಇವನು ಅಣ್ಣ, ಬಡಿಸಬೇಕಾದವನು. ಕೈಯಲ್ಲಿ ಸಾರಿನ ಬಕೆಟು ಹಿಡಿದು ಮೂರು ಪಂಕ್ತಿ ಬಡಿಸಿದ. ಆಮೇಲೆ ಹಿತ್ತಲಿನ ಮೆಟ್ಟಿಲಿನ ಮೇಲೆ ಕುಳಿತು ಸ್ಟೀಲ್ ಡಬ್ಬಿ ತೆರೆದು, ಉಪ್ಪಿಲ್ಲದೆ ಬೇಯಿಸಿದ ಮೊಟ್ಟೆಯ ಬಿಳಿ ತಿಂದ. ತಾಯಿ ಹೊರಗೆ ಬಂದು ಅವನನ್ನು ನೋಡಿ, ಏನೂ ಹೇಳದೆ ಒಂದು ಲೋಟ ನೀರಿಟ್ಟು ಒಳಗೆ ಹೋದರು. ಇದನ್ನು ಹೇಳುವಾಗ ಅವನು ಸ್ವಲ್ಪ ಹೊತ್ತು ಸುಮ್ಮನಾದ. ಆ ಆರು ಸೆಕೆಂಡಿನ ಮೌನವನ್ನು ನಾನು ಕತ್ತರಿಸಲಿಲ್ಲ. ನೀವೂ ಅಂಥದ್ದನ್ನು ಕತ್ತರಿಸಬೇಡಿ.

ಹಣದ ಪ್ರಶ್ನೆಯನ್ನೂ ಕೇಳಿ. ಮೊಟ್ಟೆ, ಕೋಳಿ, ಪ್ರೊಟೀನ್ ಪುಡಿ, ಪ್ರಯಾಣ, ನೋಂದಣಿ ಶುಲ್ಕ, ಮೈಗೆ ಹಚ್ಚುವ ಕಂದು ಬಣ್ಣದ ಟ್ಯಾನ್, ಇವಕ್ಕೆಲ್ಲ ಯಾರು ಕೊಡುತ್ತಾರೆ? ಪೇಂಟಿಂಗ್ ಕೆಲಸಕ್ಕೆ ಹೋಗಿ ಕೊಟ್ಟವರಿದ್ದಾರೆ. ಗಲ್ಫಿನಿಂದ ಅಣ್ಣ ಕಳಿಸಿದ ಹಣದಲ್ಲಿ ವೇದಿಕೆ ಹತ್ತಿದವರಿದ್ದಾರೆ.

ಗಲ್ಫಿನಲ್ಲೇ ಇರುವ ನಮ್ಮೂರ ಪಟುಗಳ ಜೊತೆ ಮಾತಾಡಬೇಕಾದರೆ ಎರಡು ವಿಷಯ ನೆನಪಿಡಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಮತ್ತು ಕತಾರ್ ಎರಡೂವರೆ ಗಂಟೆ ಹಿಂದೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ನಿರ್ಬಂಧವಿದೆ, ಆದ್ದರಿಂದ ಜೂಮ್‌ನಂಥದ್ದನ್ನು ಬಳಸಿ. ಅದೇ ಹೊತ್ತಿಗೆ ಅವರು ತಮ್ಮ ಮೊಬೈಲಿನ ರೆಕಾರ್ಡರಿನಲ್ಲೂ ದನಿ ಮುದ್ರಿಸಿಕೊಳ್ಳಲಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿಸಿದರೆ ಎರಡು ಮುದ್ರಣಗಳನ್ನು ಹೊಂದಿಸುವುದು ಸುಲಭ.

ಜಿಮ್ಮಿನಲ್ಲಿ ಮುದ್ರಿಸುವಾಗ ಸ್ಪೀಕರಿನ ಸಿನಿಮಾ ಹಾಡನ್ನು ನಿಲ್ಲಿಸಲು ಕೇಳಿಕೊಳ್ಳಿ. ಹಾಡಿನ ಮೇಲೆ ಮಾತು ಕತ್ತರಿಸಿದರೆ ಹಾಡು ಎಗರುತ್ತದೆ, ಹಕ್ಕುಸ್ವಾಮ್ಯದ ತೊಂದರೆಯೂ ಬರುತ್ತದೆ. ಕಬ್ಬಿಣದ ಸದ್ದು, ಉಸಿರು, "ಇನ್ನೊಂದು, ಇನ್ನೊಂದು" ಎನ್ನುವ ದನಿ ಇರಲಿ.

ಐದನೆಯದು: ಔಷಧಿಯ ಮಾತು ಬಂದಾಗ

ಬಂದೇ ಬರುತ್ತದೆ. ಸ್ಟೀರಾಯ್ಡ್ ಬಗ್ಗೆ ಮಾತಾಡದೆ ಈ ಕ್ರೀಡೆಯ ಬಗ್ಗೆ ಪ್ರಾಮಾಣಿಕವಾಗಿ ಮಾತಾಡಲು ಸಾಧ್ಯವಿಲ್ಲ. ಆದರೆ ಹೆಸರು, ಪ್ರಮಾಣ, ಎಷ್ಟು ವಾರ, ಎಲ್ಲಿ ಸಿಗುತ್ತದೆ, ಈ ನಾಲ್ಕು ನನ್ನ ಕಾರ್ಯಕ್ರಮದಲ್ಲಿ ಬರುವುದಿಲ್ಲ. ಮುದ್ರಣಕ್ಕೆ ಮೊದಲೇ ಇದನ್ನು ಅತಿಥಿಗೆ ಹೇಳುತ್ತೇನೆ, ಬಾಯಿ ತಪ್ಪಿ ಬಂದರೆ ಕತ್ತರಿಸುತ್ತೇನೆ. ಕೇಳುವವರಲ್ಲಿ ಹದಿನೇಳರ ಹುಡುಗರು ಇದ್ದಾರೆ. ಅವರಲ್ಲಿ ಒಬ್ಬ ನನ್ನ ಕಂತನ್ನು ಚೀಟಿಯಂತೆ ಹಿಡಿದು ಅಂಗಡಿಗೆ ಹೋಗುವುದು ನನಗೆ ಬೇಡ.

ಹಾನಿಯ ಕಥೆಯನ್ನು ಮಾತ್ರ ತಡೆಯಬೇಡಿ. ಕೊನೆಯ ದಿನಗಳಲ್ಲಿ ಚರ್ಮದಡಿಯ ನೀರು ಇಳಿಸಲೆಂದು ಮೂತ್ರವರ್ಧಕ ನುಂಗುವವರಿದ್ದಾರೆ. ದೇಹದ ಪೊಟ್ಯಾಸಿಯಂ ಏರುಪೇರಾದರೆ ಹೃದಯದ ಬಡಿತವೇ ತಪ್ಪುತ್ತದೆ. ಮೊಹಮ್ಮದ್ ಬೆನಜೀಜಾ 1992ರಲ್ಲಿ ನೆದರ್ಲೆಂಡ್ಸ್‌ನ ಸ್ಪರ್ಧೆಯ ಬೆನ್ನಲ್ಲೇ ತೀರಿಕೊಂಡರು. ಆಸ್ಟ್ರಿಯಾದ ಆಂಡ್ರಿಯಾಸ್ ಮುಂಜರ್ 1996ರಲ್ಲಿ ಹೋದರು. ಇಬ್ಬರೂ ವಿಶ್ವದ ಮುಂಚೂಣಿಯ ಪಟುಗಳು. ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿ ಸ್ಟೀರಾಯ್ಡ್ ಮಾತ್ರವಲ್ಲ, ಮೂತ್ರವರ್ಧಕಗಳೂ ಇವೆ, ಆ ಪಟ್ಟಿ ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ ಎಂಬುದನ್ನು ಹೊಸಬರಿಗೆ ಹೇಳಿ. ಈ ವಿಷಯಕ್ಕೆ ಕೋಚ್ ಸಾಲದು, ವೈದ್ಯರನ್ನೇ ಕರೆಸಿ. ಇನ್ನೊಂದು: ಗೆದ್ದವನ ಮೈ ನೋಡಿ "ಇವನು ತೆಗೆದುಕೊಂಡಿದ್ದಾನೆ" ಎಂದು ಆಧಾರವಿಲ್ಲದೆ ಯಾರೂ ಹೇಳಲು ಬಿಡಬೇಡಿ. ಅತಿಥಿಗೆ ಹದಿನೆಂಟು ತುಂಬಿಲ್ಲದಿದ್ದರೆ ಹೆತ್ತವರ ಒಪ್ಪಿಗೆ ಬರಹದಲ್ಲಿರಲಿ.

ಆರನೆಯದು: ಸ್ಪರ್ಧೆಯ ದಿನ

ಆಯೋಜಕರ ಅನುಮತಿ ಮೊದಲೇ ಪಡೆಯಿರಿ. ಸಭಾಂಗಣದ ಮುಂದಿನ ಸಾಲಿಗಿಂತ ವೇದಿಕೆಯ ಹಿಂಬದಿಯಲ್ಲಿ ಹೆಚ್ಚು ಸಿಗುತ್ತದೆ: ರಬ್ಬರ್ ಬ್ಯಾಂಡ್ ಎಳೆಯುವ ಸದ್ದು, ನೆಲಕ್ಕೆ ಹಾಸಿದ ಹಳೆಯ ಬೆಡ್‌ಶೀಟ್, ಎಲ್ಲರ ಮೈಯ ಕಂದು ಬಣ್ಣ, ಚಡ್ಡಿಗೆ ಸಿಕ್ಕಿಸಿದ ಸಂಖ್ಯೆಯನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುವ ಕೈ. ಪಟುವಿಗೆ ಮೈಕು ಚಾಚಬೇಡಿ. ನೋಡಿದ್ದನ್ನು ನೀವೇ ಮೆಲುದನಿಯಲ್ಲಿ ಹೇಳುತ್ತಾ ಹೋಗಿ.

ಟಿಪ್ಪಣಿಯನ್ನು ಹೆಸರಿನಿಂದ ಬರೆಯದೆ ಸಂಖ್ಯೆಯಿಂದ ಬರೆಯಿರಿ. ತೀರ್ಪುಗಾರರು ಹೋಲಿಸಿ ನೋಡಲೆಂದು ಮೊದಲಿಗೆ ಯಾವ ಸಂಖ್ಯೆಗಳನ್ನು ಮುಂದಕ್ಕೆ ಕರೆದರು, ಯಾರನ್ನು ನಡುವಿಗೆ ನಿಲ್ಲಿಸಿದರು ಎಂಬುದನ್ನು ಗುರುತಿಸಿ. ಮೊದಲ ಕರೆಯಲ್ಲಿ ಬಂದವರಲ್ಲೇ ಸಾಮಾನ್ಯವಾಗಿ ವಿಜೇತ ಇರುತ್ತಾನೆ. ಫಲಿತಾಂಶವನ್ನು ಅಂಕಪಟ್ಟಿ ನೋಡಿಯೇ ಹೇಳಿ. ಒಮ್ಮೆ ಹಿಂಬದಿಯಲ್ಲಿ ಯಾರೋ ಹೇಳಿದ್ದನ್ನು ನಂಬಿ ನಾನು ಎರಡನೆಯ ಮತ್ತು ಮೂರನೆಯ ಸ್ಥಾನ ಅದಲುಬದಲು ಮಾಡಿದೆ. ಎರಡನೆಯ ಸ್ಥಾನದ ಹುಡುಗ ಜಗಳವಾಡಲಿಲ್ಲ; ಪ್ರಮಾಣಪತ್ರದ ಫೋಟೊ ಕಳಿಸಿದ, ಅಷ್ಟೇ. ಅಂದಿನಿಂದ ತಿದ್ದುಪಡಿಯನ್ನು ಮುಂದಿನ ಕಂತಿನ ಮೊದಲ ನಿಮಿಷದಲ್ಲಿ ಓದುವ ನಿಯಮ ಮಾಡಿದೆ.

ಯಾವ ಒಕ್ಕೂಟದ ಸ್ಪರ್ಧೆ ಎಂಬುದನ್ನು ತಪ್ಪದೆ ಹೇಳಿ. ನಮ್ಮ ದೇಶದಲ್ಲಿ 'ಮಿಸ್ಟರ್ ಇಂಡಿಯಾ' ಎಂಬ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಒಕ್ಕೂಟಗಳು ಸ್ಪರ್ಧೆ ನಡೆಸುತ್ತವೆ.

ಏಳನೆಯದು: ಕತ್ತರಿ, ಕೇಳಿಸುವಿಕೆ, ಬಿಡುಗಡೆ

ನಲವತ್ತು ನಿಮಿಷದ ಮಾತನ್ನು ಮೂವತ್ತಕ್ಕೆ ಇಳಿಸಿ. ಒಬ್ಬರೇ ಅಥವಾ ಇಬ್ಬರು ಮಾತಾಡುವ ಕಾರ್ಯಕ್ರಮಕ್ಕೆ ಮೋನೊ ಸಾಕು. ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಷನ್‌ನಲ್ಲಿ ಮೋನೊಗೆ ಮೈನಸ್ 19, ಸ್ಟೀರಿಯೊಗೆ ಮೈನಸ್ 16 ಎಲ್‌ಯುಎಫ್‌ಎಸ್ (ದನಿಯ ಗಟ್ಟಿತನದ ಅಳತೆ) ಕೊಡಿ. 64 ಕೆಬಿಪಿಎಸ್ ಎಂಪಿತ್ರೀ ಮಾಡಿದರೆ ಅರ್ಧ ಗಂಟೆಯ ಕಂತು ಸುಮಾರು 14 ಎಂಬಿ ಆಗುತ್ತದೆ. ಸಿಗ್ನಲ್ ಕಡಿಮೆ ಇರುವ ಗುಡ್ಡದ ಬದಿಯವರಿಗೆ ಅದು ಅನುಕೂಲ.

ಬಿಡುಗಡೆಗೆ ಮೊದಲು ಈ ಕ್ರೀಡೆಯ ಗಂಧವಿಲ್ಲದ ಒಬ್ಬರಿಗೆ ಕೇಳಿಸಿ. ನನ್ನ ತಾಯಿ ಅಡಿಕೆ ಸುಲಿಯುತ್ತಾ ಕೇಳುತ್ತಾರೆ. ಅವರ ಕೈ ನಿಂತು ತಲೆ ಎತ್ತಿದರೆ ಆ ಜಾಗದಲ್ಲಿ ಏನೋ ತಿಳಿಯಲಿಲ್ಲ ಎಂದು ಗುರುತು ಹಾಕಿಕೊಂಡು ಮತ್ತೆ ಮುದ್ರಿಸುತ್ತೇನೆ.

ಉಳಿದದ್ದು ಸುಲಭ. ಉಚಿತ ಹೋಸ್ಟಿಂಗ್ ಸೇವೆಯೊಂದರಲ್ಲಿ ಖಾತೆ ತೆರೆಯಿರಿ, ಅದು ಕೊಡುವ ಆರ್‌ಎಸ್‌ಎಸ್ ಕೊಂಡಿಯನ್ನು (ಹೊಸ ಕಂತುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ವಿಳಾಸ) ಆ್ಯಪಲ್ ಪಾಡ್‌ಕಾಸ್ಟ್ಸ್, ಸ್ಪಾಟಿಫೈಗೆ ಸಲ್ಲಿಸಿ, ಭಾಷೆ ಕನ್ನಡ ಎಂದು ಆರಿಸಿ. ಮುಖಚಿತ್ರ 3000 ಪಿಕ್ಸೆಲ್‌ನ ಚೌಕ. ಕಂತಿನ ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಪ್ರಚಾರಕ್ಕೆ ಒಂದು ನಿಮಿಷದ ತುಣುಕನ್ನು ಜಿಮ್ಮುಗಳ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿ.

ಪ್ರೊಟೀನ್ ಪುಡಿ ಮಾರುವವರು ಜಾಹೀರಾತಿಗೆ ಬರುತ್ತಾರೆ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇಲ್ಲದಿದ್ದರೆ ಮಾತು ಮುಂದುವರಿಸಬೇಡಿ. ಇದ್ದರೂ, ಹಣ ಪಡೆದು ಹೇಳುತ್ತಿದ್ದೇನೆ ಎಂದು ಕಂತಿನಲ್ಲೇ ಹೇಳಿ. ನನಗೆ ಈವರೆಗೆ ನೆಮ್ಮದಿ ಕೊಟ್ಟ ಪ್ರಾಯೋಜಕರು ಒಂದು ಮೊಟ್ಟೆ ಅಂಗಡಿಯವರು ಮತ್ತು ಒಬ್ಬ ದರ್ಜಿ.

ಕೊನೆಯ ಕೆಲಸ, ಕತ್ತರಿಸದ ಮೂಲ ಮುದ್ರಣವನ್ನು ದಿನಾಂಕ, ಊರು, ವಿಭಾಗ ಬರೆದು ಎರಡು ಕಡೆ ಇಡುವುದು. ಎರಡು ವರ್ಷ ವೇದಿಕೆ ಬಿಟ್ಟಿದ್ದವನೊಬ್ಬ ಕಳೆದ ಸಲ ಮತ್ತೆ ತಯಾರಿ ಶುರು ಮಾಡಿದ. ಹಳೆಯ ಸ್ಪರ್ಧೆಯ ಕೊನೆಯ ವಾರ ಏನು ತಿಂದಿದ್ದೆ, ಯಾವ ದಿನ ಸುಸ್ತಾಗಿತ್ತು ಎಂಬುದನ್ನು ಅವನು ಎಲ್ಲೂ ಬರೆದಿಟ್ಟಿರಲಿಲ್ಲ. ನನ್ನಲ್ಲಿ ಅವನ ಏಳು ದಿನದ ಏಳು ನಿಮಿಷ ಇತ್ತು. ಅಡಿಕೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತು, ನಾಲ್ಕನೆಯ ದಿನದ್ದನ್ನು ಎರಡು ಸಲ ಕೇಳಿ, ಪುಸ್ತಕದಲ್ಲಿ ಬರೆದುಕೊಂಡು ಹೋದ.